ಕಂಡದ್ದು, ಕೇಳಿದ್ದು, ಅಂದುಕೊಂಡದ್ದು

ಕಳೆದ ತಿಂಗಳು, ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ತನ್ನ ಮೊಬೈಲಿಗೆ ಬಂದ ಸಂದೇಶವೊಂದನ್ನು ನನಗೆ ಕಳಿಸಿ, "ಅಜ್ಜಾ, ಇದು ಖರೇ ಏನು?" ಎಂದು ಕೇಳಿದಳು. ಹಂಪಿಯ ಪಾಳುಬಿದ್ದ ಮಂಟಪದ ಒಂದು ಚಿತ್ರ. ಅದರ ಕೆಳಗೆ 1565ರ ಯುದ್ಧದ ಕಥೆ. ಸೈನ್ಯದ ದೊಡ್ಡ ದೊಡ್ಡ ಸಂಖ್ಯೆಗಳು. ಕೊನೆಗೆ, ಹತ್ತು ಜನರಿಗೆ ಕಳಿಸದವನು ನಾಡಿನ ಮಗನೇ ಅಲ್ಲ ಎಂಬ ಮಾತು. ಓದಿದೆ. ಅದರಲ್ಲಿ ಕೆಲವು ಸಂಗತಿಗಳು ಸರಿಯಾಗಿಯೇ ಇದ್ದವು. ಕೆಲವನ್ನು ಯಾರೋ ಹೇಳಿದ್ದು, ಯಾವಾಗಲೋ ಹೇಳಿದ್ದು. ಇನ್ನುಳಿದದ್ದು ಬರೆದವನ ಸಿಟ್ಟು. ಮೂರನ್ನೂ ಒಂದೇ ಅಕ್ಷರದಲ್ಲಿ, ಒಂದೇ ಉಸಿರಿನಲ್ಲಿ ಬರೆದುಬಿಟ್ಟಿದ್ದರು.

ಹೌದು ಅಥವಾ ಅಲ್ಲ ಎಂದು ಅವಳಿಗೆ ಒಂದೇ ಶಬ್ದದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಆ ಸಂದೇಶವನ್ನು ಓದುತ್ತಿದ್ದಾಗ ನನಗೆ ಅದರಲ್ಲಿ ನನ್ನದೇ ದನಿ ಕೇಳಿಸಿತು. ಐವತ್ತು ವರ್ಷಗಳ ಹಿಂದೆ ಆ ಪಾಠವನ್ನು ನಾನೂ ಹೀಗೆಯೇ ಹೇಳಿದ್ದೆ. ಆದ್ದರಿಂದ ಈ ಸಲದ ಬರಹ ಅವಳಿಗೂ, ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮಗೂ ಸೇರಿ.

ನಿಮ್ಮಲ್ಲಿ ಹಲವರಿಗೆ ತಿಳಿದಿರುವಂತೆ, ನಾನು 1971ರಲ್ಲಿ ಬಿಜಾಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಸಮಾಜ ವಿಷಯದ ಶಿಕ್ಷಕನಾಗಿ ಸೇರಿದೆ. ಆಗ ನನಗೆ ಇಪ್ಪತ್ಮೂರು ವರ್ಷ. ಇತಿಹಾಸವೆಂದರೆ ನನಗೆ ಎರಡೇ ಶಬ್ದ: ಕಾರಣಗಳು, ಪರಿಣಾಮಗಳು. ತಾಳಿಕೋಟೆ ಯುದ್ಧಕ್ಕೆ ಐದು ಕಾರಣ, ಆರು ಪರಿಣಾಮ. ಹಲಗೆಯ ಮೇಲೆ ಬರೆಯುತ್ತಿದ್ದೆ, ಹುಡುಗರು ಪಟ್ಟಿಯಲ್ಲಿ ಇಳಿಸಿಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಿದ್ದರು. ಐದರಲ್ಲಿ ನಾಲ್ಕು ಕಾರಣ ಬರೆದವನಿಗೆ ನಾಲ್ಕು ಅಂಕ. ಲೆಕ್ಕ ಚೊಕ್ಕವಾಗಿತ್ತು.

1974ರಲ್ಲಿ ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೊಳೆದಂಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ತನ್ನ ಉತ್ತರದ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದಳು: ಈ ಕಾಳಗ ತಾಳಿಕೋಟೆಯಲ್ಲಿ ಆಗಿಲ್ಲ, ಹೊಳೆಯ ಆಚೆ ದಂಡೆಗೆ ಆಗಿದೆ ಎಂದು ನಮ್ಮ ಅಜ್ಜಿ ಹೇಳುತ್ತಾಳೆ. ನಾನು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ ಒಂದು ಅಂಕ ಕಳೆದೆ. ಪಾಠದ ಹೆಸರೇ ತಾಳಿಕೋಟೆ ಯುದ್ಧ ಎಂದಿರುವಾಗ ಅಜ್ಜಿಯ ಮಾತಿಗೆ ಬೆಲೆಯೆಲ್ಲಿಯದು?

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಇದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಆ ಪಾಠವನ್ನು ನಾನು ಬಹಳ ಆವೇಶದಿಂದ ಹೇಳುತ್ತಿದ್ದೆ. ವಿಜಯನಗರದ ವೈಭವವನ್ನು ವರ್ಣಿಸುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಆ ದಿನ, "ಮುಸಲ್ಮಾನರು ನಮ್ಮ ಹಂಪಿಯನ್ನು ಹಾಳುಮಾಡಿದರು" ಎಂದು ಹೇಳಿ, ಅದನ್ನೇ ಬರೆದುಕೊಳ್ಳಲು ಹೇಳಿದೆ. ತರಗತಿಯಲ್ಲಿ ನಾಲ್ಕೈದು ಹುಡುಗರು ತಿರುಗಿ ಹಿಂದಿನ ಬೆಂಚಿನತ್ತ ನೋಡಿದರು. ಅಲ್ಲಿ ಗಾದಿ ಹೊಲಿಯುವವರ ಮನೆಯ ಹುಡುಗನೊಬ್ಬ ಕುಳಿತಿರುತ್ತಿದ್ದ. ಅವನೂ ಆ ವಾಕ್ಯವನ್ನು ಬರೆದುಕೊಳ್ಳುತ್ತಿದ್ದ.

ನಡುವಿನ ಬಿಡುವಿನಲ್ಲಿ ಅವನಿಗೆ ಯಾರೋ ಏನೋ ಅಂದಿರಬೇಕು. ಶಿಕ್ಷಕರ ಕೋಣೆಯ ಬಾಗಿಲಿಗೆ ಬಂದು ನಿಂತು, "ಸರ್, ನಮ್ಮಪ್ಪ ಹಂಪಿ ನೋಡೇ ಇಲ್ರಿ" ಎಂದ.

ನಾನು ನಕ್ಕೆ. "ಹೋಗೋ, ಆಟ ಆಡು ಹೋಗು" ಎಂದು ಕಳಿಸಿಬಿಟ್ಟೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಆ ನಗುವನ್ನು ನೆನೆಸಿಕೊಂಡಾಗ ಈಗಲೂ ತಲೆ ತಗ್ಗುತ್ತದೆ. ಅವನು ಕೇಳಿದ್ದು ಅಳುವ ಮಗುವಿನ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. "ಮುಸಲ್ಮಾನರು" ಎಂಬ ಶಬ್ದದೊಳಗೆ ಯಾರು ಯಾರು ಬರುತ್ತಾರೆ, ಯಾರು ಬರುವುದಿಲ್ಲ? ಶಿಕ್ಷಕನಾದ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಹದಿನಾಲ್ಕು ವರ್ಷದ ಹುಡುಗ ಕೇಳಿದ್ದ.

1975ರ ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಹೋಗಿದ್ದಾಗ ಗ್ರಂಥಾಲಯವೊಂದರಲ್ಲಿ ರಾಬರ್ಟ್ ಸಿವೆಲ್ ಎಂಬ ಇಂಗ್ಲಿಷ್ ಅಧಿಕಾರಿ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ ಸಿಕ್ಕಿತು. 'ಮರೆತುಹೋದ ಸಾಮ್ರಾಜ್ಯ' ಎಂಬ ಅರ್ಥದ ಹೆಸರಿನ ಆ ಪುಸ್ತಕದಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರಾದ ಪೇಯಸ್ ಮತ್ತು ನೂನಿಜ್ ಇವರ ಬರಹಗಳ ಅನುವಾದವೂ ಇದೆ. ನಿಜ ಹೇಳಬೇಕೆಂದರೆ, ಆ ಹುಡುಗಿಯ ಅಜ್ಜಿ ತಪ್ಪೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು ಆ ಪುಟಗಳನ್ನು ತಿರುವಿದೆ. ಅಜ್ಜಿಯೇ ಗೆದ್ದಳು. ತಾಳಿಕೋಟೆ ಸುಲ್ತಾನರ ಸೈನ್ಯಗಳು ಬಂದು ಕೂಡಿಕೊಂಡ ಊರು. ಅದು ಕೃಷ್ಣೆಯಿಂದ ಹತ್ತಾರು ಮೈಲಿ ಉತ್ತರಕ್ಕಿದೆ. ಸೈನ್ಯ ಹೊಳೆ ದಾಟಿದ ಮೇಲೆ, ದಕ್ಷಿಣದ ದಂಡೆಯಲ್ಲಿ ಕಾಳಗವಾಯಿತೆಂದು ಸಿವೆಲ್ ಬರೆಯುತ್ತಾನೆ. ನಮ್ಮ ತಾಲ್ಲೂಕಿನ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಸೇರಿ ಅದಕ್ಕೆ ರಕ್ಕಸ-ತಂಗಡಿ ಯುದ್ಧ ಎಂಬ ಹೆಸರೂ ಇದೆ. ರಣಭೂಮಿ ನಿಖರವಾಗಿ ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅದು ತಾಳಿಕೋಟೆ ಊರಲ್ಲ ಎಂಬುದರಲ್ಲಿ ಜಗಳವಿಲ್ಲ.

ಒಂದು ಅಂಕದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಆ ಪುಸ್ತಕವನ್ನು ಮುಂದೆ ಓದುತ್ತ ಹೋದಂತೆ, ನನ್ನ ಐದು ಕಾರಣ ಆರು ಪರಿಣಾಮಗಳ ಕೆಳಗಿನ ನೆಲವೇ ಸರಿಯತೊಡಗಿತು. ಯುದ್ಧದ ವಿವರಗಳನ್ನು ನಮಗೆ ಕೊಟ್ಟವರಲ್ಲಿ ಮುಖ್ಯನಾದ ಫೆರಿಷ್ತಾ, ಯುದ್ಧ ನಡೆದು ಸುಮಾರು 40 ವರ್ಷಗಳ ಮೇಲೆ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದು ಬರೆದವನು. ಎಂದರೆ ಗೆದ್ದವರ ಮನೆಯ ಅನ್ನ ಉಂಡವನು. ಕೂಟೋ ಎಂಬ ಪೋರ್ಚುಗೀಸ್ ಬರಹಗಾರ ಗೋವೆಯಲ್ಲಿ ಕುಳಿತು ಕೇಳಿದ್ದನ್ನು ಬರೆದ. ಸೀಸರ್ ಫೆಡೆರಿಚಿ ಎಂಬ ವೆನಿಸ್ಸಿನ ವ್ಯಾಪಾರಿ 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಅವನು ಪಾಳುಬಿದ್ದ ಪಟ್ಟಣವನ್ನು ಕಣ್ಣಾರೆ ಕಂಡವನು, ಆದರೆ ಕಾಳಗವನ್ನು ಕಂಡವನಲ್ಲ. ಸಿವೆಲ್ ಬರೆದದ್ದು 335 ವರ್ಷಗಳ ಮೇಲೆ. ಇವರೆಲ್ಲರ ಮಾತುಗಳನ್ನು ಒಂದೇ ಪಾತ್ರೆಯಲ್ಲಿ ಹಾಕಿ ಕುದಿಸಿ, ಮಕ್ಕಳ ಮುಂದೆ ಬಡಿಸುತ್ತಿದ್ದೆ ನಾನು.

ಮುಂದಿನ ವರ್ಷ ಪಾಠವನ್ನು ಬೇರೆ ರೀತಿಯಲ್ಲಿ ಮಾಡಿದೆ. ಹಲಗೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ 'ಸಂಗತಿ', ಬಲಕ್ಕೆ 'ಅಭಿಪ್ರಾಯ' ಎಂದು ಬರೆದೆ. ಪಾಠದ ಪುಸ್ತಕದಿಂದ ಒಂದೊಂದೇ ವಾಕ್ಯ ಓದಿ ಅದು ಯಾವ ಕಡೆ ಹೋಗಬೇಕೆಂದು ಕೇಳಿದೆ. ಯುದ್ಧ 1565ರ ಜನವರಿಯಲ್ಲಿ ನಡೆಯಿತು: ಎಡಕ್ಕೆ. ರಾಮರಾಯ ಅಹಂಕಾರಿಯಾಗಿದ್ದ: ಬಲಕ್ಕೆ. ಮೊದಮೊದಲು ಸುಲಭವಾಗಿಯೇ ಸಾಗಿತು. ಆಮೇಲೆ, ರಾಮರಾಯನ ಸೈನ್ಯದಲ್ಲಿ ಆರು ಲಕ್ಷ ಕಾಲಾಳುಗಳೂ ಒಂದು ಲಕ್ಷ ಕುದುರೆಗಳೂ ಇದ್ದವು ಎಂಬ ಕೂಟೋನ ಮಾತು ಬಂತು. ಸಂಖ್ಯೆ ಇದೆಯಾದ್ದರಿಂದ ಅದು ಸಂಗತಿಯೇ ಎಂದು ಅರ್ಧ ತರಗತಿ ಕೂಗಿತು. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಎಣಿಸಿದವರು ಯಾರ್ರಿ ಸರ್?" ಎಂದ.

ಯಾರೂ ಎಣಿಸಿರಲಿಲ್ಲ. ಹಾಗೆಂದು ಅದು ಕೂಟೋನ ಅಭಿಪ್ರಾಯವೂ ಅಲ್ಲ. ಅವನಿಗೆ ಯಾರೋ ಹೇಳಿದ್ದರು, ಅವನು ಬರೆದ. ನಾನು ಹಲಗೆಯನ್ನು ಒರೆಸಿ ಎರಡು ಗೆರೆ ಎಳೆದೆ. ಮೂರು ಮನೆಗಳಾದವು. ದೊಡ್ಡ ಶಬ್ದಗಳು ಬೇಡವೆಂದು ಮಕ್ಕಳೇ ಹೆಸರಿಟ್ಟರು: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು.

ಬಳಿಕದ ಮೂವತ್ತು ವರ್ಷ ನನ್ನ ಇತಿಹಾಸದ ಪಾಠಗಳೆಲ್ಲ ಆ ಮೂರು ಮನೆಗಳಲ್ಲೇ ನಡೆದವು. ನಮ್ಮ ಪಾಠಪುಸ್ತಕಗಳಲ್ಲಿ ಹೆಚ್ಚಿನ ವಾಕ್ಯಗಳು ನಡುವಿನ ಮನೆಗೆ ಸೇರಿದವು ಎಂಬುದು ಆಗ ತಿಳಿಯಿತು. ಸಂಗತಿ ಮತ್ತು ಅಭಿಪ್ರಾಯ ಎಂದು ಎರಡೇ ಭಾಗ ಮಾಡಿದರೆ ಈ ನಡುವಿನದು ಮೆಲ್ಲಗೆ ಸಂಗತಿಯ ಸಾಲಿನಲ್ಲಿ ಹೋಗಿ ಕುಳಿತುಬಿಡುತ್ತದೆ. ಮಕ್ಕಳು ಮೋಸಹೋಗುವುದು ಅಲ್ಲಿಯೇ, ದೊಡ್ಡವರು ಮೋಸಹೋಗುವುದೂ ಅಲ್ಲಿಯೇ.

ಒಂದು ಉದಾಹರಣೆ. ಬಿಜಾಪುರದ ಮಲಿಕ್-ಇ-ಮೈದಾನ್ ತೋಪನ್ನು ನೀವೆಲ್ಲ ನೋಡಿದ್ದೀರಿ. ಪ್ರವಾಸದಲ್ಲಿ ಅದರ ಮೇಲೆ ಹತ್ತಿ ಕುಳಿತು ಬೈಸಿಕೊಂಡವರೂ ನಿಮ್ಮಲ್ಲಿ ಇದ್ದೀರಿ. ತೋಪು ಅಲ್ಲಿ ಇದೆ ಎಂಬುದು ಕಂಡದ್ದು. ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರೆಂಬುದು ಅದರ ಮೇಲಿನ ಬರಹದಿಂದ ತಿಳಿದದ್ದು, ಅದೂ ಬಹುಮಟ್ಟಿಗೆ ಕಂಡದ್ದೇ. 1565ರ ಯುದ್ಧದಲ್ಲಿ ಅದು ಗುಡುಗಿತೆಂಬುದು ಕೇಳಿದ್ದು. ಅದರಿಂದಲೇ ಯುದ್ಧ ಗೆದ್ದರೆಂಬುದು ಅಂದುಕೊಂಡದ್ದು. ಒಂದೇ ತೋಪು, ಮೂರು ಮನೆ.

ಕೇಳಿದ್ದೆಲ್ಲ ಸುಳ್ಳೇ ಎಂದು ಮಕ್ಕಳು ತಿಳಿಯಬಾರದಲ್ಲ. ಅದೂ ಒಂದು ರೋಗವೇ. ಹಾಗಾದರೆ ಕೇಳಿದ್ದನ್ನು ನಂಬುವುದು ಯಾವಾಗ? ಇದಕ್ಕೆ ನಾವು ಮೂರು ಪ್ರಶ್ನೆ ಗೊತ್ತುಮಾಡಿಕೊಂಡೆವು. ಹೇಳಿದವನು ಅಲ್ಲಿ ಇದ್ದನೇ? ಹಾಗೆ ಹೇಳುವುದರಿಂದ ಅವನಿಗೆ ಲಾಭವಿತ್ತೇ? ಅವನ ಜೊತೆ ಒಪ್ಪಬೇಕಾದ ಗರಜು ಇಲ್ಲದ ಇನ್ನೊಬ್ಬನೂ ಅದನ್ನೇ ಹೇಳಿದ್ದಾನೆಯೇ? ವಿಜಯನಗರದ ಸೈನ್ಯ ಸೋತಿತೆಂದು ಬಿಜಾಪುರದವನು ಹೇಳುತ್ತಾನೆ, ಗೋವೆಯ ಪೋರ್ಚುಗೀಸನು ಹೇಳುತ್ತಾನೆ, ವೆನಿಸ್ಸಿನ ವ್ಯಾಪಾರಿಯೂ ಹೇಳುತ್ತಾನೆ. ಈ ಮೂವರು ಕೂಡಿ ಮಾತಾಡಿಕೊಂಡವರಲ್ಲ. ಆದ್ದರಿಂದ ಅದನ್ನು ನಂಬಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ.

ಇನ್ನು ಆ ಒಂದು ಲಕ್ಷ ಕುದುರೆಗಳ ಕಥೆ. ಅದನ್ನು ಎಣಿಸಿದವರಿಲ್ಲ, ಸರಿ. ಆದರೆ ಪರೀಕ್ಷಿಸುವ ದಾರಿಯೇ ಇಲ್ಲವೇ? ಇಬ್ಬರು ಹುಡುಗರು ಬಸ್ ನಿಲ್ದಾಣದ ಬಳಿ ನಿಲ್ಲುತ್ತಿದ್ದ ಟಾಂಗಾದವನನ್ನು ವಿಚಾರಿಸಿಕೊಂಡು ಬಂದರು. ಚಳಿಗಾಲದಲ್ಲಿ ಕುದುರೆ ದಿನಕ್ಕೆ ಎರಡು ಬಕೆಟ್ ನೀರು ಕುಡಿಯುತ್ತದೆ, ಮೇವು ಹತ್ತು ಕಿಲೋ ಬೇಕು ಎಂದು ಅವನು ಹೇಳಿದ್ದ. ಲೆಕ್ಕ ಶುರುವಾಯಿತು. ಒಂದು ಲಕ್ಷ ಕುದುರೆಗೆ ದಿನಕ್ಕೆ ಎರಡು ಲಕ್ಷ ಬಕೆಟ್ ನೀರು. "ಹೊಳಿ ದಂಡಿಗೇ ಇದ್ರಲ್ರೀ ಸರ್, ನೀರಿಗೇನ್ ಬರ?" ಎಂದು ಒಬ್ಬಳು ಅದನ್ನು ತಳ್ಳಿಹಾಕಿದಳು. ಸರಿಯಾದ ಮಾತೇ. ಮೇವು ಹತ್ತು ಲಕ್ಷ ಕಿಲೋ, ಎಂದರೆ 10,000 ಕ್ವಿಂಟಾಲ್. ಒಂದು ಬಂಡಿಗೆ 10 ಕ್ವಿಂಟಾಲ್ ಕಣಿಕೆ ಹೇರಿದರೆ ದಿನವೂ 1,000 ಬಂಡಿ. ಎತ್ತು ಬಂಡಿ ಕೂಡಿ 20 ಅಡಿ ಎಂದು ಹಿಡಿದರೆ ಸಾಲು 20,000 ಅಡಿ, ಹೆಚ್ಚುಕಡಿಮೆ ಆರು ಕಿಲೋಮೀಟರ್. ಆರು ಲಕ್ಷ ಜನರಿಗೆ ತಲೆಗೆ ಅರ್ಧ ಕಿಲೋ ಜೋಳ ಎಂದರೆ ಇನ್ನೂ 300 ಬಂಡಿ. ಇದು ಒಂದು ದಿನದ ಲೆಕ್ಕ. ಸೈನ್ಯ ಅಲ್ಲಿ ಎಷ್ಟೋ ದಿನ ಬೀಡುಬಿಟ್ಟಿತ್ತು.

ಗಣಿತದ ಶಿಕ್ಷಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೂಟೋನ ಸಂಖ್ಯೆ ಸುಳ್ಳೆಂದು ನಾವು ಸಿದ್ಧಮಾಡಿದೆವೇ? ಇಲ್ಲ. ಬಯಲಲ್ಲಿ ಹುಲ್ಲು ಇದ್ದಿರಬಹುದು, ಸುತ್ತಲಿನ ಹಳ್ಳಿಗಳನ್ನು ದೋಚಿರಬಹುದು. ಆದರೆ ಆ ಸಂಖ್ಯೆಯನ್ನು ನಂಬಬೇಕಾದರೆ ಇನ್ನೂ ಏನೇನನ್ನು ನಂಬಬೇಕಾಗುತ್ತದೆ ಎಂಬುದು ಮಕ್ಕಳಿಗೆ ತಿಳಿಯಿತು. ದೊಡ್ಡ ಸಂಖ್ಯೆ ಕೇಳಿದ ಕೂಡಲೇ ಬಾಯಿ ತೆರೆಯುವ ಬದಲು ಬಂಡಿ ಲೆಕ್ಕ ಹಾಕುವುದು: ಇದೊಂದನ್ನು ಕಲಿಸಿದ್ದಕ್ಕೆ ನನಗೆ ಹೆಮ್ಮೆಯಿದೆ.

ಜನವರಿಯಲ್ಲಿ ಮಕ್ಕಳನ್ನು ತಂಗಡಗಿಯ ಹೊಳೆದಂಡೆಗೆ ಕರೆದುಕೊಂಡು ಹೋದೆ. ಆಗಿನ್ನೂ ನಾರಾಯಣಪುರದ ಅಣೆಕಟ್ಟು ಮುಗಿದಿರಲಿಲ್ಲ. ಈಗ ಅಲ್ಲಿ ಹಿನ್ನೀರು ಕಾಣುವವರಿಗೆ ಅಂದಿನ ಹೊಳೆಯನ್ನು ಊಹಿಸುವುದು ಕಷ್ಟ. ಬಂಡೆಗಳು ತಲೆ ಎತ್ತಿದ್ದವು, ನೀರು ನಡುವೆ ಹರಿಯುತ್ತಿತ್ತು. ಎರೆಹೊಲದಲ್ಲಿ ಬಿಳಿಜೋಳ ಹಾಲ್ದುಂಬಿತ್ತು. ಅಲ್ಲಿಯ ರೈತರೊಬ್ಬರು ಎಲ್ಲರಿಗೂ ಸೀತನಿ ಸುಟ್ಟುಕೊಟ್ಟರು. ತಿನ್ನುತ್ತ ಕುಳಿತವರ ಮುಂದೆ ಒಂದು ಸಮಸ್ಯೆ ಇಟ್ಟೆ.

ನೀವು ಉತ್ತರ ದಂಡೆಯಲ್ಲಿದ್ದೀರಿ. ದಾಟುವುದಕ್ಕೆ ಅನುಕೂಲವಾದ ಹಾಯಗಡವನ್ನು ಎದುರಾಳಿ ಆಚೆ ದಂಡೆಯಿಂದ ಕಾಯುತ್ತಿದ್ದಾನೆ. ಫೆರಿಷ್ತಾನ ಪ್ರಕಾರ ರಾಮರಾಯ ತನ್ನ ತಮ್ಮ ತಿರುಮಲನನ್ನು 20,000 ಕುದುರೆ, ಒಂದು ಲಕ್ಷ ಕಾಲಾಳು, 500 ಆನೆಗಳ ಜೊತೆ ಇದಕ್ಕಾಗಿಯೇ ಕಳಿಸಿದ್ದ. (ಆ ಸಂಖ್ಯೆಗಳು ಕೇಳಿದ್ದರ ಮನೆಗೆ ಎಂದು ಮಕ್ಕಳೇ ಕೂಗಿದರು.) ಈಗ ಏನು ಮಾಡುತ್ತೀರಿ?

ಒಂದು ಗುಂಪು ರಾತ್ರಿ ದಾಟೋಣ ಎಂದಿತು. ಕತ್ತಲಲ್ಲಿ ತೋಪುಗಳನ್ನು ಹೇಗೆ ಸಾಗಿಸುತ್ತೀರಿ ಎಂದು ಇನ್ನೊಂದು ಗುಂಪು ಕೇಳಿತು. ಬೇರೆ ಕಡೆ ದಾಟೋಣ ಎಂದವರಿಗೆ, ಬೇರೆ ಕಡೆ ಆಳ ಎಷ್ಟೆಂದು ಯಾರಿಗೆ ಗೊತ್ತು ಎಂಬ ಪ್ರಶ್ನೆ. ಅರ್ಧ ಗಂಟೆಯ ಮೇಲೆ ಒಬ್ಬ ಹುಡುಗಿ, "ಬ್ಯಾರೆ ಕಡೆ ಹೋದಂಗ ಮಾಡೂಣು, ಅವರೂ ನಮ್ಮ ಹಿಂದ ಬರ್ತಾರ" ಎಂದಳು. ಫೆರಿಷ್ತಾ ಹೇಳುವುದೂ ಅದನ್ನೇ. ಸುಲ್ತಾನರು ದಂಡೆಗುಂಟ ಬೇರೆ ಕಡೆಗೆ ನಡೆದುಹೋದರು. ಎದುರು ದಂಡೆಯ ಸೈನ್ಯವೂ ಅವರಿಗೆ ಸರಿಯಾಗಿ ಸರಿಯಿತು. ಮೂರನೆಯ ರಾತ್ರಿ ತಟ್ಟನೆ ಹಿಂದಿರುಗಿ, ಕಾವಲಿಲ್ಲದ ಹಳೆಯ ಹಾಯಗಡದಲ್ಲೇ ದಾಟಿದರು. ಉತ್ತರವನ್ನು ಮೊದಲೇ ಹೇಳಿದ್ದರೆ ಅದು ಇನ್ನೊಂದು ನೋಟ್ಸ್ ಆಗುತ್ತಿತ್ತು. ಆ ಹುಡುಗಿ ಅದನ್ನು ತಾನೇ ಕಂಡುಕೊಂಡದ್ದರಿಂದ ಅವಳಿಗೆ ಅದು ಸಾಯುವತನಕ ಮರೆಯುವುದಿಲ್ಲ.

ಹಾಗೆಯೇ ತೀರ್ಮಾನಗಳ ಪಾಠ. "ನೀವು ರಾಮರಾಯನಾಗಿದ್ದರೆ?" ಎಂದು ಕೇಳುವುದು ಸುಲಭ. ಆದರೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು: ರಾಮರಾಯನಿಗೆ ಆ ದಿನ ಗೊತ್ತಿದ್ದದ್ದು ಮಾತ್ರ ನಿಮಗೂ ಗೊತ್ತು. ಸೋಲುತ್ತೀರೆಂಬುದು ನಿಮಗೆ ಗೊತ್ತಿಲ್ಲ. ಅವನಿಗೆ ಏನು ಗೊತ್ತಿತ್ತು? ಸುಲ್ತಾನರು ತಮ್ಮತಮ್ಮಲ್ಲೇ ಕಾದಾಡುವವರೆಂದು ಗೊತ್ತಿತ್ತು. ಅಹಮದನಗರದ ವಿರುದ್ಧ ಬಿಜಾಪುರದ ಅಲಿ ಆದಿಲಶಾಹನ ಜೊತೆಗೇ ಅವನು ದಂಡೆತ್ತಿ ಹೋಗಿದ್ದ. ಅಲಿ ಒಮ್ಮೆ ವಿಜಯನಗರಕ್ಕೇ ಬಂದು ಅವನ ಮನೆಯ ಮಗನಂತೆ ಸತ್ಕಾರ ಪಡೆದಿದ್ದನೆಂದು ಫೆರಿಷ್ತಾ ಬರೆಯುತ್ತಾನೆ. ಅಂಥ ಅಲಿ, ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದ್ ಬೀಬಿಯನ್ನು ಮದುವೆಯಾದ, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು, ವೈರಿಗಳು ಬೀಗರಾದರು. ಈ ಸುದ್ದಿ ಕೇಳಿದ ದಿನ ರಾಮರಾಯ ಏನು ಮಾಡಬೇಕಿತ್ತು? ಸಂಧಿಯೇ, ಯುದ್ಧವೇ, ಗೋಲ್ಕೊಂಡವನ್ನು ಒಡೆದು ತನ್ನ ಕಡೆ ಸೆಳೆದುಕೊಳ್ಳುವುದೇ? ಮಕ್ಕಳು ಜಗಳಾಡಿದರು. ಒಬ್ಬನೂ "ರಾಮರಾಯ ಅಹಂಕಾರಿ, ಅದಕ್ಕೇ ಸೋತ" ಎಂಬ ಮೊದಲಿನ ವಾಕ್ಯಕ್ಕೆ ಹಿಂದಿರುಗಲಿಲ್ಲ. ತೀರ್ಮಾನ ಕೆಟ್ಟದ್ದಾಗಿತ್ತೇ, ಫಲ ಕೆಟ್ಟದ್ದಾಯಿತೇ, ಇವೆರಡೂ ಬೇರೆ ಬೇರೆ ಎಂಬುದು ಅವರಿಗೆ ತಿಳಿಯಿತು. ಬದುಕಿನಲ್ಲಿ ಇದನ್ನು ತಿಳಿಯದೆ ಎಷ್ಟು ಜನ ತಮ್ಮನ್ನು ತಾವೇ ಬೈದುಕೊಳ್ಳುತ್ತ ಸವೆದುಹೋಗುತ್ತಾರೆ!

ಈಗ, ನಾನು ಹಿಂದೆ ಬರೆಸಿದ್ದ ಆ ವಾಕ್ಯ. ಅದನ್ನೂ ಹಲಗೆಯ ಮೇಲೆ ಬರೆದು, "ಇದು ಎರಡು ವರ್ಷದ ಹಿಂದೆ ನಾನೇ ಬರೆಸಿದ್ದು. ಇದನ್ನು ಯಾವ ಮನೆಗೆ ಹಾಕುತ್ತೀರಿ?" ಎಂದು ಕೇಳಿದೆ. ತರಗತಿ ಸುಮ್ಮನಾಯಿತು.

ಬಿಡಿಸಿ ನೋಡಿದೆವು. ಪಟ್ಟಣ ಹಾಳಾದದ್ದು ಕಂಡದ್ದು. ಅದನ್ನು ಮುಚ್ಚಿಡುವ, ಮೆದು ಮಾಡುವ ಅಗತ್ಯವಿಲ್ಲ. ಹಂಪಿಯ ಕಲ್ಲುಗಳು ಇಂದಿಗೂ ಸಾಕ್ಷಿ ಹೇಳುತ್ತವೆ, ಅನಂತರದ ಅಗೆತಗಳಲ್ಲಿ ಬೆಂಕಿಯ ಗುರುತುಗಳೂ ಸಿಕ್ಕಿವೆ. ನಾಶ ಎಷ್ಟು ಎಂಬುದರಲ್ಲಿ ಮಾತ್ರ ಭೇದವಿದೆ. ಐದು ತಿಂಗಳು ನಡೆದ ಈ ವಿನಾಶಕ್ಕೆ ಜಗತ್ತಿನ ಇತಿಹಾಸದಲ್ಲಿ ಸಾಟಿಯಿರಲಿಕ್ಕಿಲ್ಲ ಎಂಬ ಅರ್ಥದಲ್ಲಿ ಸಿವೆಲ್ ಬರೆದ. ಎರಡೇ ವರ್ಷದ ಮೇಲೆ ಬಂದಿದ್ದ ಫೆಡೆರಿಚಿಯಾದರೋ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಅಲ್ಲಿ ಹುಲಿಗಳು ವಾಸಿಸುತ್ತವೆ ಎಂದು ಬರೆದ. ಬೆಂಕಿಗಿಂತ ಹೆಚ್ಚಾಗಿ ಜನರು ಬಿಟ್ಟುಹೋದದ್ದೇ ಆ ಪಟ್ಟಣವನ್ನು ಕೊಂದಿತೇ? ಯೋಚಿಸಬೇಕಾದ ಮಾತು. ಸಾಮ್ರಾಜ್ಯವೇ ಅಂದು ಮುಗಿಯಿತೆಂಬುದು ಅಂದುಕೊಂಡದ್ದು; ತಿರುಮಲ ಪೆನುಕೊಂಡೆಗೆ ಹೋದ, ಅರವೀಡು ವಂಶ ಮುಂದೆಯೂ ಆಳಿತು.

ಇನ್ನು "ಮುಸಲ್ಮಾನರು". ದಂಡೆತ್ತಿ ಬಂದವರು ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು. ಅದು ಸಂಗತಿ. ಆದರೆ ವಿಜಯನಗರದ ಸೈನ್ಯದಲ್ಲಿಯೂ ಮುಸಲ್ಮಾನ ಸೈನಿಕರು, ಸರದಾರರು ಇದ್ದರು. ಅದೂ ಸಂಗತಿಯೇ. ಎರಡನೆಯ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದ್ ಖಾನ್ ಎಂಬ ಸರದಾರ ರಾಜಧಾನಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಇದೆ. ಅಲ್ಲಿಯ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಯುದ್ಧದ ನಡುವೆ ರಾಮರಾಯನ ಇಬ್ಬರು ಮುಸಲ್ಮಾನ ಸರದಾರರು ಪಕ್ಷ ಬದಲಿಸಿದರೆಂದು ಫೆಡೆರಿಚಿ ಬರೆದಿದ್ದಾನೆ. ಅದು ಕೇಳಿದ್ದರ ಮನೆಗೆ. ಅದನ್ನೂ ನಾನು ಮಕ್ಕಳಿಂದ ಮುಚ್ಚಿಡಲಿಲ್ಲ. ಹಿತವಾದದ್ದನ್ನು ಹೇಳಿ ಅಹಿತವಾದದ್ದನ್ನು ಬಿಟ್ಟರೆ ಅದು ಮತ್ತೊಂದು ಬಗೆಯ ನೋಟ್ಸ್ ಆಗುತ್ತದೆ. ಆದರೆ ಪಕ್ಷ ಬದಲಿಸಿದವರು ಇಬ್ಬರೇ ಆಗಿದ್ದರೆ, ಆ ಇಬ್ಬರ ಹೆಸರಿನಲ್ಲಿ ಹೇಳಬೇಕಾದದ್ದು ಇಬ್ಬರ ಮಾತು ಮಾತ್ರ.

ಕೊನೆಗೆ ಆ ವಾಕ್ಯದಲ್ಲಿ ಎರಡು ಶಬ್ದಗಳು ಹಲಗೆಯಿಂದ ಅಳಿಸಿಹೋದವು. "ಮುಸಲ್ಮಾನರು" ಎಂಬಲ್ಲಿ "ನಾಲ್ವರು ಸುಲ್ತಾನರ ಸೈನ್ಯಗಳು" ಎಂದಾಯಿತು. "ನಮ್ಮ" ಎಂಬ ಶಬ್ದವನ್ನು ಅಳಿಸಬೇಕೆಂದು ಒಬ್ಬ ಹುಡುಗಿ ಹೇಳಿದಳು. ಏಕೆಂದು ಕೇಳಿದೆ. "ಯಾರ ನಮ್ಮ ಅಂತ ಗೊತ್ತಾಗೂದಿಲ್ರಿ ಸರ್" ಎಂದಳು. ಇನ್ನೊಬ್ಬ, "ಅಳಸಬ್ಯಾಡ್ರಿ, ಎಲ್ಲಾರದೂ ಅಂತ ಬರೀರಿ" ಎಂದ. ಆ ಚರ್ಚೆ ಗಂಟೆ ಬಾರಿಸಿದ ಮೇಲೂ ಮುಗಿಯಲಿಲ್ಲ.

ಇದೆಲ್ಲ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಒಂದು ವಾರದಲ್ಲಿ ಮುಗಿಯಬೇಕಾದ ಪಾಠ ಮೂರು ವಾರ ಹಿಡಿಯಿತು. ಪರೀಕ್ಷೆ ಬಂದಾಗ ಪ್ರಶ್ನೆ ಅದೇ: ಕಾರಣ ಮತ್ತು ಪರಿಣಾಮಗಳನ್ನು ಬರೆಯಿರಿ. ಪಾಲಕರು ಬಂದು, "ಮಾಸ್ತರ್ರೇ, ಹುಡುಗರು ಪಾಸಾಗೂ ಹಂಗ ಏನರೆ ಕೊಡ್ರಿ" ಎಂದು ಕೈಮುಗಿದರು. ಅವರ ಕಷ್ಟ ನನಗೆ ಗೊತ್ತಿತ್ತು. ಆ ಮಕ್ಕಳಿಗೆ ಪಾಸಾಗುವುದೆಂದರೆ ಹೊಲದ ಕೂಲಿಯಿಂದ ಬಿಡುಗಡೆ. ಆದ್ದರಿಂದ ಪ್ರತಿ ವರ್ಷ ಫೆಬ್ರುವರಿಯಲ್ಲಿ ಹಳೆಯ ಐದು ಕಾರಣ, ಆರು ಪರಿಣಾಮಗಳನ್ನೂ ಬರೆಸುತ್ತಿದ್ದೆ. ಬರೆಸುವ ಮೊದಲು, "ಇದು ಪರೀಕ್ಷೆಯ ಉತ್ತರ" ಎಂದು ಹೇಳುತ್ತಿದ್ದೆ. ಅದು ರಾಜಿ ಎಂದು ಬಲ್ಲೆ. ಪೂರ್ತಿ ಗೆದ್ದೆನೆಂದು ಹೇಳಿಕೊಳ್ಳಲಾರೆ.

ದೇಶ ಈ ವಿಷಯದಲ್ಲಿ ಒಳ್ಳೆಯ ಮಾತನ್ನು ಆಡದೆ ಇರಲಿಲ್ಲ. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯ ಮೂಲಕ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆಗಳನ್ನು ಬೆಳೆಸಿಕೊಳ್ಳುವುದೂ ಒಂದು. ಬೆಂಗಳೂರು ಸೈನ್ಸ್ ಫೋರಂ 1962ರಲ್ಲಿ ಹುಟ್ಟಲು ಕಾರಣರಾದ ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ವಿದ್ಯಾರ್ಥಿಗಳಿಗೆ ಹೇಳಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕೆಂದಿತು. ಆ ಮುಂದಿನ ವರ್ಷ ನಾನು ನಿವೃತ್ತನಾದೆ. ಆದರೆ ಇಂಥ ಮಾತುಗಳು ಕಾಗದದಿಂದ ತರಗತಿಗೆ ಇಳಿಯಬೇಕಾದರೆ ನಡುವೆ ಒಬ್ಬ ಶಿಕ್ಷಕ ಬೇಕು. ಆ ಶಿಕ್ಷಕ ತನ್ನ ಮಾತನ್ನೂ ಮೂರು ಮನೆಗಳಲ್ಲಿ ಇಡಲು ಸಿದ್ಧನಿರಬೇಕು. ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಹೇಳುವುದು ಸುಲಭ. ಪ್ರಶ್ನೆ ನಮ್ಮ ಮೇಲೆಯೇ ಬಂದಾಗ ನಗದೆ ನಿಲ್ಲುವುದು ಕಷ್ಟ.

ಮೊಮ್ಮಗಳಿಗೆ ನಾನು ಉತ್ತರವಾಗಿ ಆ ಸಂದೇಶವನ್ನೇ ಹಿಂದಕ್ಕೆ ಕಳಿಸಿದೆ, ಮೂರು ಮನೆ ಮಾಡಿ ತುಂಬು ಎಂದು ಹೇಳಿದೆ. ಎರಡು ದಿನ ಬಿಟ್ಟು ಅವಳು ತುಂಬಿ ಕಳಿಸಿದಳು. ಕಂಡದ್ದರಲ್ಲಿ ಮೂರು ವಾಕ್ಯ, ಕೇಳಿದ್ದರಲ್ಲಿ ಏಳು. ಉಳಿದದ್ದೆಲ್ಲ ಕೊನೆಯ ಮನೆಯಲ್ಲಿತ್ತು. ಕೇಳಿದ್ದರ ಎರಡು ವಾಕ್ಯಗಳ ವಿಷಯದಲ್ಲಿ ನಾನು ಅವಳ ಜೊತೆ ಒಪ್ಪುವುದಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಕುಳಿತು ಜಗಳಾಡುವುದೆಂದು ಗೊತ್ತಾಗಿದೆ.

ಆ ಹೊಳೆದಂಡೆಯ ಹುಡುಗಿಗೆ ಒಂದು ಅಂಕವನ್ನು ನಾನು ಮರಳಿ ಕೊಟ್ಟೆ. 1975ರ ಜೂನ್ ತಿಂಗಳಲ್ಲಿ, ಹತ್ತನೆಯ ತರಗತಿಗೆ ಹೋಗಿ, ಎಲ್ಲರ ಎದುರಿಗೆ. ಹಾಜರಿ ಪುಸ್ತಕದಲ್ಲಿ ತಿದ್ದುವ ಕಾಲ ಮೀರಿತ್ತು, ಆದರೂ ಕೊಟ್ಟೆ. ಅವಳು ಅದನ್ನು ಅಜ್ಜಿಗೆ ಹೇಳಿದಳಂತೆ.

ಹಿಂದಿನ ಬೆಂಚಿನ ಹುಡುಗನಿಗೆ ಕೊಡಬೇಕಾದದ್ದನ್ನು ಕೊಡಲು ಆಗಲಿಲ್ಲ. ಮನೆಯ ಬಡತನದಿಂದ ಅವನು ಶಾಲೆ ಬಿಟ್ಟನೆಂದು ಊರಿನವರು ಹೇಳಿದರು. ಅದು ಕೇಳಿದ್ದು. ನನ್ನ ಆ ಒಂದು ವಾಕ್ಯದಿಂದ ಬಿಟ್ಟನೆಂದು ಎಷ್ಟೋ ರಾತ್ರಿ ನನಗೆ ಅನ್ನಿಸಿದೆ. ಅದು ಅಂದುಕೊಂಡದ್ದು. ಮರುವರ್ಷದ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಕಂಡದ್ದು ಅಷ್ಟೇ.

ಈ ಪುಟವನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅವನು ಎಲ್ಲಿದ್ದಾನೆಂದು ಗೊತ್ತಿದ್ದರೆ, ಮಾಸ್ತರ್ರು ಕೇಳಿದರೆಂದು ಅವನಿಗೆ ಹೇಳಿ. ಅವನ ಪ್ರಶ್ನೆ ಸರಿಯಾಗಿತ್ತೆಂದೂ ಹೇಳಿ.